ಆಫ್ಟರ್ ದ ಥಿನ್ ಮ್ಯಾನ್ (1936): ಬಿಳಿ ಮೀಸೆಯ ಸುಳಿವು ನ್ಯಾಯವಾಗಿ ಕೂತಿದೆಯಾ?

ಕತ್ತಲಮನೆ

ಮೊದಲೇ ಎಚ್ಚರಿಕೆ. ಕೊಲೆಗಾರನ ಹೆಸರು ಮುಚ್ಚಿಟ್ಟುಕೊಂಡು ಈ ಚರ್ಚೆ ನಡೆಸೋಕಾಗಲ್ಲ. ನೋಡದವರು ನೋಡ್ಕೊಂಡು ಬನ್ನಿ, 112 ನಿಮಿಷದ ಚಿತ್ರ.

ಮಾಜಿ ಪತ್ತೇದಾರ ನಿಕ್ ಮತ್ತು ಅವನ ಹೆಂಡತಿ ನೋರಾ ಚಾರ್ಲ್ಸ್ ಇರೋ ಎರಡನೇ ಸಿನಿಮಾ ಇದು, ದ ಥಿನ್ ಮ್ಯಾನ್ (1934) ಆದ ಮೇಲಿನದು. ಹಾಲಿವುಡ್ ಸ್ಟುಡಿಯೊ ಎಂಜಿಎಂ ಇದನ್ನ 1936ರ ಕ್ರಿಸ್‌ಮಸ್ ದಿನ ಬಿಡುಗಡೆ ಮಾಡ್ತು. ನಿಕ್ ಆಗಿ ವಿಲಿಯಂ ಪೊವೆಲ್, ನೋರಾ ಆಗಿ ಮರ್ನಾ ಲಾಯ್, ನಿರ್ದೇಶನ ಡಬ್ಲ್ಯೂ. ಎಸ್. ವ್ಯಾನ್ ಡೈಕ್. ಕಥೆ ಡ್ಯಾಶಿಯಲ್ ಹ್ಯಾಮೆಟ್ ಬರೆದದ್ದು. ಚಿತ್ರಕಥೆ ಫ್ರಾನ್ಸಿಸ್ ಗುಡ್‌ರಿಚ್ ಮತ್ತು ಆಲ್ಬರ್ಟ್ ಹ್ಯಾಕೆಟ್ ಅವರದು. ಇವರಿಬ್ಬರೂ ಗಂಡ ಹೆಂಡತಿ.

ಮರೆತವರಿಗೆ ಕಥೆ ಇಷ್ಟು. ಹೊಸ ವರ್ಷದ ಹಿಂದಿನ ದಿನ ಇಬ್ಬರೂ ರೈಲಲ್ಲಿ ಸ್ಯಾನ್ ಫ್ರಾನ್ಸಿಸ್ಕೊಗೆ ವಾಪಸಾಗ್ತಾರೆ. ನೋರಾಳ ಕಸಿನ್ ಸೆಲ್ಮಾಳ ಗಂಡ ರಾಬರ್ಟ್ ಮನೆಗೆ ಬಂದಿಲ್ಲ. ಹುಡುಕಿದರೆ ಚೀನೀ ನೈಟ್‌ಕ್ಲಬ್ಬಲ್ಲಿ ಗಾಯಕಿ ಪಾಲಿ ಜೊತೆ ಸಿಗ್ತಾನೆ. ಸೆಲ್ಮಾಳನ್ನ ಹಿಂದಿನಿಂದಲೂ ಪ್ರೀತಿಸ್ತಿದ್ದ ಡೇವಿಡ್ ಗ್ರಹಾಂ 25,000 ಡಾಲರ್ ಕೊಟ್ಟು ಅವನನ್ನ ಸಾಗಹಾಕೋಕೆ ಒಪ್ತಾನೆ. ನಡುರಾತ್ರಿ ಗಂಟೆ ಹೊಡೆಯೋ ಹೊತ್ತಿಗೆ ರಾಬರ್ಟ್ ಗುಂಡೇಟಿಗೆ ಬೀಳ್ತಾನೆ. ಹೆಣದ ಪಕ್ಕ ಸೆಲ್ಮಾ, ಕೈಯಲ್ಲಿ ಪಿಸ್ತೂಲು. ಮುಂದೆ ಇನ್ನೆರಡು ಕೊಲೆ.

ಕೊನೆಗೆ ನಿಕ್ ಡೇವಿಡ್‌ನನ್ನ ಹಿಡಿಯೋದು ಒಂದೇ ಮಾತಿನಿಂದ. ಆ ಇನ್ನೆರಡು ಕೊಲೆಗಳಲ್ಲಿ ಒಂದರಲ್ಲಿ ಸತ್ತ ಪೆಡ್ರೊ ಹಿಂದೆ ನೋರಾಳ ಅಪ್ಪನ ಮನೇಲಿ ತೋಟದ ಮಾಲಿಯಾಗಿದ್ದವನು. ಆಮೇಲಿಂದ ಅವನನ್ನ ನೋಡೇ ಇಲ್ಲ ಅನ್ನೋ ಡೇವಿಡ್, ಅವನ ಬಿಳಿ ಮೀಸೆಯ ಮಾತೆತ್ತುತ್ತಾನೆ. ಆ ಕಾಲದಲ್ಲಿ ಮೀಸೆ ಕಪ್ಪಗಿತ್ತು, ಹಳೇ ಫೋಟೊ ಸಾಕ್ಷಿ. ನನ್ನ ಪ್ರಶ್ನೆ: ಇದು ಪ್ರೇಕ್ಷಕನಿಗೆ ನ್ಯಾಯವಾಗಿ ಕೊಟ್ಟ ಸುಳಿವಾ, ಇಲ್ಲಾ ಕೊನೇ ಗಳಿಗೇಲಿ ಜೇಬಿಂದ ತೆಗೆದದ್ದಾ?

ಸಾಧನಕೇರಿ

ಬರೇ ಮೀಸಿ ಒಂದನ್ನ ಹಿಡಕೊಂಡು ಕೂತ್ರ ಅನ್ಯಾಯ ಅಂತನ ಅನ್ನಸ್ತದ ನೋಡ್ರಿ. ಕಪ್ಪು-ಬಿಳುಪು ಚಿತ್ರ, ಮಬ್ಬು ಬೆಳಕು, ಸಣ್ಣ ಪಾತ್ರ. ಯಾರು ಲಕ್ಷ್ಯ ಕೊಡ್ತಾರ? ಆದ್ರ ಡೇವಿಡ್ ಮ್ಯಾಲೆ ಸಂಶಯ ಬರಬೇಕಾದದ್ದು ಮೀಸಿ ಮಾತಿಗಿಂತ ಎಷ್ಟೋ ಮೊದಲು, ಪಿಸ್ತೂಲಿನ ಹಂತದೊಳಗ.

ಸೆಲ್ಮಾನ ಕೈಯಾಗಿನ ಪಿಸ್ತೂಲು ಕಸಗೊಂಡು ಡೇವಿಡ್ ಕೊಲ್ಲಿಯ ನೀರಿಗೆ ಒಗೀತಾನ. ನೋಡವ್ರಿಗೆ ಅದು ಪ್ರೀತಿ, ತ್ಯಾಗ. ಈಗ ಲೆಕ್ಕ ಹಾಕ್ರಿ. ಗುಂಡು ಯಾವ ಪಿಸ್ತೂಲಿಂದ ಬಂತು ಅಂತ ಗುರುತು ಹಿಡಿಯೋ ವಿದ್ಯಾ 1936ಕ್ಕ ಹೊಸಾದಲ್ಲ. 1929ರ ಶಿಕಾಗೊ ವ್ಯಾಲೆಂಟೈನ್ಸ್ ಡೇ ಹತ್ಯಾಕಾಂಡದಾಗ (ಗ್ಯಾಂಗಿನವ್ರ ಸಾಮೂಹಿಕ ಕೊಲಿ) ಬಂದೂಕು ಪರೀಕ್ಷಾ ತಜ್ಞ ಕ್ಯಾಲ್ವಿನ್ ಗಾಡರ್ಡ್ ಅದನ್ನ ಮಾಡಿ ತೋರಿಸಿ ಇಡೀ ಅಮೆರಿಕಾದ ಪತ್ರಿಕೆಯೊಳಗ ಬಂದಿತ್ತು. ಸಂಶಯದ ಪಿಸ್ತೂಲಿಂದ ಹತ್ತಿ ತುಂಬಿದ ಪೆಟ್ಟಿಗಿಗೆ ಒಂದು ಗುಂಡು ಹಾರಸೋದು, ಆ ಗುಂಡು ಮತ್ತ ಹೆಣದಾಗ ಸಿಕ್ಕ ಗುಂಡು ಎರಡನ್ನೂ ಜೋಡಿ ಸೂಕ್ಷ್ಮದರ್ಶಕದ ಕೆಳಗಿಟ್ಟು ನಳಿಗೆಯ ಗೀರು ಹೊಂದ್ತಾವೋ ಇಲ್ಲೋ ನೋಡೋದು. ಸೆಲ್ಮಾ ತಾನು ಗುಂಡು ಹಾರಸೇ ಇಲ್ಲ ಅಂತ ಹೇಳ್ತಾಳ. ಅಂದ್ರ ಆಕಿಯನ್ನ ಬಿಡಿಸೋ ಏಕೈಕ ಸಾಕ್ಷಿ ಆ ಪಿಸ್ತೂಲು. ಅದನ್ನ ನೀರಿಗೆ ಒಗದಂವ ಆಕಿಯನ್ನ ಉಳಿಸಿದ್ನೋ, ಸಿಗಿಸಿದ್ನೋ?

ಇದೆಲ್ಲಾ ನಮ್ಮ ಕಣ್ಣ ಮುಂದನ ನಡೀತದ. ಏನೂ ಮುಚ್ಚಿಟ್ಟಿಲ್ಲ. ಇದಕ್ಕಿಂತ ನ್ಯಾಯದ ಸುಳಿವು ಮತ್ತೇನು ಬೇಕ್ರಿ? ಮೀಸಿ ಬರೇ ಮೊಳಿ ಹೊಡಿಯೋ ಕೆಲಸ ಮಾಡ್ತದ.

ರೀಲುಡಬ್ಬಿ

ಪಿಸ್ತೂಲಿನ ವಾದ ಒಪ್ಪಿದೆ. ಆದರೂ ಮೀಸೆಯನ್ನು ಅಷ್ಟು ಹಗುರ ಮಾಡಬೇಡಿ. ಪತ್ತೇದಾರಿ ಲೆಕ್ಕಾಚಾರ ಪಕ್ಕಕ್ಕಿಟ್ಟು ಚಿತ್ರದ ಉಳಿದ ಭಾಗದ ಜೊತೆ ಇಟ್ಟು ನೋಡಿ.

ರೈಲು ನಿಲ್ದಾಣದಲ್ಲಿ ಒಬ್ಬ ನೋರಾಳ ಪರ್ಸ್ ಎಗರಿಸುತ್ತಾನೆ. ನೋಡಿದರೆ ನಿಕ್‌ನ ಹಳೇ ಪರಿಚಯದವನು. ನಗುತ್ತಾ ಪರಿಚಯ ಮಾಡಿಕೊಟ್ಟು ಪರ್ಸ್ ವಾಪಸ್ ಕೊಡಿಸುತ್ತಾನೆ. ಊರಿನ ಅರ್ಧ ಕಳ್ಳರು, ಕುಸ್ತಿಯವರು, ಪೊಲೀಸರು ಅವನಿಗೆ ಹೆಸರು ಹಿಡಿದು ಗೊತ್ತು. ಆ ಕಡೆ ನೋರಾಳ ಕುಟುಂಬ. ಕ್ಯಾಥರೀನ್ ಅತ್ತೆಯ ಮನೆಯ ಊಟದ ದೃಶ್ಯ ನೆನಪಿಸಿಕೊಳ್ಳಿ. ಊಟವಾದ ಮೇಲೆ ಗಂಡಸರೆಲ್ಲ ಮೇಜಿನ ಸುತ್ತ ಕೂತಲ್ಲೇ ನಿದ್ದೆ, ಗೊರಕೆ. ನಿಕ್ ಒಬ್ಬನೇ ಎಚ್ಚರ. ಮಲಗಿದವರ ಜೊತೆ ಗಂಭೀರವಾಗಿ ಮಾತು ನಡೆಸುತ್ತಾನೆ, ಗೊರಕೆಯನ್ನೇ ಉತ್ತರ ಅಂತ ತೆಗೆದುಕೊಂಡು. ತಮಾಷೆಗಷ್ಟೇ ಇಟ್ಟ ದೃಶ್ಯ ಅನ್ನಿಸುತ್ತದೆ. ಆದರೆ ಅದರಲ್ಲಿ ಒಂದು ಮಾಹಿತಿ ಇದೆ: ಈ ವರ್ಗದವರು ಯಾರನ್ನೂ ಕಣ್ಣು ಬಿಟ್ಟು ನೋಡುವವರಲ್ಲ.

ಡೇವಿಡ್ ಆ ವರ್ಗದವನು. ಹಳೇ ಮಾಲಿಯ ಮೀಸೆ ಯಾವ ಬಣ್ಣದ್ದಿತ್ತು ಅಂತ ಅವನಿಗೆ ನಿಜವಾಗಿ ನೆನಪಿಲ್ಲ. ಮೊನ್ನೆ ಮೊನ್ನೆ ಕಂಡ ಮುಖವನ್ನೇ ಹಳೇ ನೆನಪು ಅಂತ ಹೇಳಿಬಿಡುತ್ತಾನೆ. ನಿಕ್‌ಗೆ ಅದು ಹೊಳೆಯೋದು ಯಾಕೆ? ಅವನು ಮಾಲಿಗಳನ್ನು, ಕಾವಲುಗಾರರನ್ನು, ಬಾಗಿಲು ತೆರೆಯುವವರನ್ನು ನೋಡುವ ಮನುಷ್ಯ. ಹ್ಯಾಮೆಟ್‌ನ ಮೂಲ ಕಾದಂಬರಿ ‘ದ ಥಿನ್ ಮ್ಯಾನ್’ನಲ್ಲಿ ನಿಕ್‌ನ ಮನೆತನದ ಹೆಸರು ಚಾರಲಂಬಿಡೀಸ್. ಅಪ್ಪ ಗ್ರೀಸಿನಿಂದ ಬಂದಾಗ ಎಲಿಸ್ ದ್ವೀಪದಲ್ಲಿ ಅದನ್ನು ಚಾರ್ಲ್ಸ್ ಅಂತ ಕತ್ತರಿಸಿದರು. ವಲಸೆ ಬಂದವನ ಮಗ, ಮೇಲಾಗಿ ಮಾಜಿ ಪತ್ತೇದಾರ. ಅತ್ತೆಗೆ ಅವನನ್ನು ಕಂಡರೆ ಆಗದಿರುವುದಕ್ಕೂ, ಅವನೇ ಕೊಲೆಗಾರನನ್ನು ಹಿಡಿಯುವುದಕ್ಕೂ ಕಾರಣ ಒಂದೇ.

ಪಡುಗಾಳಿ

ರೀಲುಡಬ್ಬಿಯವರು ಹೇಳಿದ್ದು ಚಂದ ಉಂಟು ಮಾರಾಯ್ರೆ. ಆದರೆ ಒಂದು ತಕರಾರು. ಡೇವಿಡ್ ಪಾತ್ರ ಮಾಡಿದ್ದು ಜೇಮ್ಸ್ ಸ್ಟೀವರ್ಟ್. ಇವತ್ತು ನೋಡುವವರಿಗೆ ಸುಳಿವು ನ್ಯಾಯವಾ ಅಲ್ಲವಾ ಅನ್ನುವ ಪ್ರಶ್ನೆಯೇ ಬೇರೆ ಆಗ್ತದೆ. ಇಷ್ಟು ದೊಡ್ಡ ನಟನಿಗೆ ಇಷ್ಟು ಚಿಕ್ಕ ಪಾತ್ರ ಕೊಟ್ಟಿದ್ದಾರೆ ಅಂದರೆ ಅವನೇ ಇರಬೇಕು ಅಂತ ಅರ್ಧದಲ್ಲೇ ಗೊತ್ತಾಗ್ತದೆ. ಇಲ್ಲಾ, ಒಳ್ಳೆಯವನಾಗಿಯೇ ಗೊತ್ತಿರುವ ಮುಖ, ಇವನು ಖಂಡಿತ ಅಲ್ಲ ಅಂತ ಬಿಟ್ಟುಬಿಡ್ತಾರೆ. ಎರಡೂ ಚಿತ್ರಕಥೆಯ ಲೆಕ್ಕದಲ್ಲಿ ಇದ್ದದ್ದಲ್ಲ.

1936ರಲ್ಲಿ ಸ್ಟೀವರ್ಟ್‌ಗೆ 28 ವರ್ಷ, ಎಂಜಿಎಂ ಸೇರಿ ಒಂದು ವರ್ಷ ಆಗಿತ್ತಷ್ಟೆ. ‘ಮಿಸ್ಟರ್ ಸ್ಮಿತ್ ಗೋಸ್ ಟು ವಾಷಿಂಗ್ಟನ್’ ಚಿತ್ರದ ಪಾತ್ರ ಬಂದದ್ದು 1939ರಲ್ಲಿ. ಆವತ್ತಿನ ಪ್ರೇಕ್ಷಕರಿಗೆ ಅವನು ಎತ್ತರದ, ತಡವರಿಸಿ ಮಾತಾಡುವ, ಕೈಬಿಟ್ಟುಹೋದ ಪ್ರೇಮಿ ಅಷ್ಟೇ. ಪಾತ್ರಕ್ಕೆ ಬೇಕಿದ್ದದ್ದೂ ಅದೇ.

ಕೊನೆಯ ಆ ಎರಡು ಮೂರು ನಿಮಿಷ ಅವನ ದನಿ ತಿರುಗುವುದನ್ನು ಮಾತ್ರ ನೋಡಬೇಕು. ಸೆಲ್ಮಾಳ ಮೇಲಿನ ಪ್ರೀತಿ ಅಂತ ನಾವು ಅಷ್ಟು ಹೊತ್ತು ನಂಬಿದ್ದು ದ್ವೇಷ ಅಂತ ಗೊತ್ತಾಗುವ ಜಾಗ. ರಾಬರ್ಟ್‌ನನ್ನು ಕೊಂದದ್ದು ಅರ್ಧ ಕೆಲಸ, ಅವಳು ಗಲ್ಲಿಗೇರುವುದನ್ನು ನೋಡುವುದು ಉಳಿದರ್ಧ. ಹಾಗೆ ನೋಡಿದರೆ ಸಾಧನಕೇರಿಯವರ ಪಿಸ್ತೂಲು ಇನ್ನೂ ಗಟ್ಟಿಯಾಗಿ ಕೂತುಕೊಳ್ತದೆ.

ಕತ್ತಲಮನೆ

ಪಡುಗಾಳಿ, ಸರಿ. ಹಾಗಾದ್ರೆ ಆ ‘ಆ್ಯಂಡರ್ಸನ್’ ಫ್ಲ್ಯಾಟ್ ವಿಷಯ? ಅಲ್ಲಿ ನನಗೆ ಕಥೆ ಸ್ವಲ್ಪ ಸಡಿಲ ಅನ್ನಿಸುತ್ತೆ.

ಸಾಧನಕೇರಿ

ಸಡಿಲ ಏನಿಲ್ಲ, ಅವಸರ ಅದ. ಕ್ರಮವಾಗಿ ಹೇಳ್ತೀನಿ. ಪಾಲಿ ಇರೋ ಕಟ್ಟಡದಾಗ ಆಕಿ ಮನಿ ಮ್ಯಾಲಿನ ಮನಿ ಆ್ಯಂಡರ್ಸನ್ ಅನ್ನೋ ಹೆಸರಿನ್ಯಾಗ ಬಾಡಿಗಿ ಹಿಡದಾರ. ಅಲ್ಲಿಂದ ಕೆಳಗಿನ ಮಾತು ಕದ್ದು ಕೇಳೋ ವ್ಯವಸ್ಥಾ. ಆ್ಯಂಡರ್ಸನ್ ಅಂದ್ರ ಡೇವಿಡ್. ರಾಬರ್ಟ್ ಮತ್ತ ಪಾಲಿಯ ಸಂಗತಿ, ದುಡ್ಡಿನ ಸಂಚು ಎಲ್ಲಾ ಹಂಗ ಗೊತ್ತಾಗ್ತದ. ಪೆಡ್ರೊ ಅದ ಕಟ್ಟಡದ ಕೆಲಸದಾಂವ. ಹಳೇ ಧಣಿ ಮನಿಗೆ ಬರತಿದ್ದ ಹುಡುಗನ ಗುರುತು ಹಿಡಿದ, ಸತ್ತ. ಪಾಲಿಯ ಅಣ್ಣ ಅನಿಸಿಕೊಂಡ ಫಿಲ್‌ಗೂ ಆ್ಯಂಡರ್ಸನ್ ಯಾರು ಅನ್ನೋದು ತಿಳೀತು, ಅಂವಾ ಸತ್ತ.

ಅಂದ್ರ ಎರಡನೇ, ಮೂರನೇ ಕೊಲಿ ಎರಡಕ್ಕೂ ಕಾರಣ ಒಂದ: ಗುರುತು. ಪೆಡ್ರೊ ಡೇವಿಡ್‌ನ ಗುರುತು ಹಿಡದು ಸತ್ತ, ಡೇವಿಡ್ ಪೆಡ್ರೊನ ಗುರುತು ಹೇಳಲಿಕ್ಕೆ ಹೋಗಿ ಸಿಕ್ಕಬಿದ್ದ. ಇಷ್ಟು ಚೊಕ್ಕ ಹೆಣಿಗಿ ಇದ್ರೂ ನಮಗ ಸಡಿಲ ಅನಸೋದು ಯಾಕಂದ್ರ ನೈಟ್‌ಕ್ಲಬ್ಬಿನ ಪಾಲುದಾರ ಡ್ಯಾನ್ಸರ್ (ಅದು ಹೆಸರು), ಪಾಲಿ, ಸೆಲ್ಮಾನ ಡಾಕ್ಟರ್ ಕ್ಯಾಮರ್, ಲಮ್ ಕೀ ಇವರೆಲ್ಲರ ಸಂಶಯಾಸ್ಪದ ಮುಖ ತೋರಸೋದ್ರೊಳಗ ಭಾಳ ಹೊತ್ತು ಹೋಗ್ತದ.

ಲಮ್ ಕೀ ಬಗ್ಗೆ ಒಂದು ಮಾತು. ನೈಟ್‌ಕ್ಲಬ್ಬಿನ ಚೀನೀ ಪಾಲುದಾರ ಅಂದಕೂಡಲೆ ಆ ಕಾಲದ ಹಾಲಿವುಡ್ಡಿನ್ಯಾಗ ಖಳನಾಯಕ ಅಂತ ಬರದಿಟ್ಟಂಗ. ಅಂವನ ತಮ್ಮನ್ನ ನಿಕ್‌ನ ಜೈಲಿಗೆ ಕಳಿಸಿರ್ತಾನ, ಸೇಡಿನ ಕಾರಣ ಬ್ಯಾರೆ ರೆಡಿ ಅದ. ಕೊನಿಗೆ ನೋಡಿದ್ರ ಡೇವಿಡ್‌ನನ್ನ ಹಿಡಿಲಿಕ್ಕೆ ನಿಕ್‌ಗ ಕೈಗೂಡಿಸಿದಾಂವ ಇಂವನ. ಕಾರಣ? ತಮ್ಮನ ಮ್ಯಾಲೆ ಪ್ರೀತಿ ಇರಲಿಲ್ಲ, ತಮ್ಮನ ಹುಡುಗಿ ಮ್ಯಾಲೆ ಇತ್ತು. ನಿಕ್ ಉಪಕಾರ ಮಾಡಿದಂಗಾತು.

ಅಡಿಟಿಪ್ಪಣಿ

ಯಾರೂ ಸೆನ್ಸಾರ್ ವಿಷಯ ಎತ್ತಿಲ್ಲ, ಅದಿಲ್ಲದೆ ಈ ಚಿತ್ರದ ಆಕಾರ ಅರ್ಥವಾಗುವುದಿಲ್ಲ. ಮೊದಲ ಚಿತ್ರ 1934ರ ಮೇ ತಿಂಗಳಿನದು. ಹಾಲಿವುಡ್ ತಾನೇ ಹಾಕಿಕೊಂಡ ಸೆನ್ಸಾರ್ ನಿಯಮಾವಳಿ ಪ್ರೊಡಕ್ಷನ್ ಕೋಡ್ ಅನ್ನು ಬಿಗಿಯಾಗಿ ಜಾರಿ ಮಾಡಿದ್ದು ಅದೇ ವರ್ಷದ ಜುಲೈನಿಂದ. ಎರಡನೆಯ ಚಿತ್ರದ ಪ್ರತಿ ಸಾಲೂ ಆ ಕೋಡನ್ನು ಜಾರಿ ಮಾಡುತ್ತಿದ್ದ ಜೋಸೆಫ್ ಬ್ರೀನ್ ಕಚೇರಿಯ ಕಣ್ಣಡಿ ಹಾದು ಬರಬೇಕಿತ್ತು.

ಮದುವೆಯಾದ ಇಬ್ಬರ ನಡುವಿನ ಸಲಿಗೆಯೇ ಬಂಡವಾಳವಾಗಿರುವ ಚಿತ್ರಕ್ಕೆ ಇದು ದೊಡ್ಡ ಕಟ್ಟು. ಗುಡ್‌ರಿಚ್ ಮತ್ತು ಹ್ಯಾಕೆಟ್ ಅದನ್ನು ಮಾತಿನ ಕಡೆಗೆ ಹೊರಳಿಸಿದರು. ನೋರಾಗೆ ಮೊಟ್ಟೆ ತಿನ್ನಬೇಕು ಅನ್ನಿಸುವ ದೃಶ್ಯ ತೆಗೆದುಕೊಳ್ಳಿ. ನಿದ್ದೆಗಣ್ಣಿನ ಗಂಡನಿಗೆ ನೇರವಾಗಿ ಕೇಳುವುದಿಲ್ಲ, ಸುತ್ತಿ ಬಳಸಿ ಮಾತಾಡುತ್ತಾಳೆ; ಕೊನೆಗೆ ಅವನೇ ಎದ್ದು ಅಡುಗೆಮನೆಗೆ ಹೋಗಬೇಕಾಗುತ್ತದೆ. ಕಥೆಗೆ ಇದರಿಂದ ಕಾಸಿನ ಪ್ರಯೋಜನವಿಲ್ಲ. ಆದರೆ ಪ್ರೇಕ್ಷಕರು ಇವರಿಬ್ಬರನ್ನು ಗಂಡಹೆಂಡಿರೆಂದು ನಂಬುವುದು ಇಂಥ ಕಡೆಯೇ. ಸ್ಯಾನ್ ಫ್ರಾನ್ಸಿಸ್ಕೊ ಚಿತ್ರೀಕರಣಕ್ಕೆ ಹೋದಾಗ ಹೋಟೆಲಿನವರು ಪೊವೆಲ್-ಲಾಯ್ ನಿಜ ದಂಪತಿ ಎಂದುಕೊಂಡು ಒಂದೇ ಸ್ವೀಟ್ ಕಾದಿರಿಸಿದ್ದರಂತೆ. ಆಗ ಪೊವೆಲ್ ಜೊತೆಗಿದ್ದದ್ದು ನಟಿ ಜೀನ್ ಹಾರ್ಲೊ. ಲಾಯ್ ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡ ಸಂಗತಿ ಇದು.

ಕೊನೆಯ ರೈಲಿನ ದೃಶ್ಯವೂ ಹಾಗೆಯೇ. ಬಸಿರಿನ ಮಾತನ್ನು ಬಾಯಿಬಿಟ್ಟು ಹೇಳದೆ ನೋರಾ ಸಣ್ಣದೊಂದು ಹೆಣಿಗೆ ಹಿಡಿದು ಕೂತಿರುತ್ತಾಳೆ. ಮೂರು ಕೊಲೆ ಬಿಡಿಸಿದವನಿಗೆ ಅಷ್ಟು ಸಣ್ಣ ಕಾಲುಚೀಲ ಯಾರ ಕಾಲಿನದೆಂದು ಹೊಳೆಯುವುದಿಲ್ಲ. ನೀನೂ ಒಬ್ಬ ಪತ್ತೇದಾರನಾ ಅನ್ನುವ ಧಾಟಿಯ ಅವಳ ಮಾತಿಗೆ ಚಿತ್ರ ಮುಗಿಯುತ್ತದೆ. ಆ ವರ್ಷ ಚಿತ್ರಕಥೆಗೆ ಆಸ್ಕರ್ ನಾಮನಿರ್ದೇಶನವೂ ಬಂತು, ಪ್ರಶಸ್ತಿ ಲೂಯಿ ಪಾಶ್ಚರ್ ಚಿತ್ರದ ಪಾಲಾಯಿತು.

ಸಂಜೆಶೋ

ಎಲ್ಲರೂ ಹೊಗಳ್ತಿದ್ದೀರಿ, ಉದ್ದದ ಬಗ್ಗೆ ಯಾರೂ ಮಾತಾಡ್ತಿಲ್ಲವಲ್ಲ ಗುರುಗಳೇ. ಮೊದಲ ಚಿತ್ರ ಸುಮಾರು ಒಂದೂವರೆ ಗಂಟೆ. ಇದು ಅದಕ್ಕಿಂತ ಇಪ್ಪತ್ತು ನಿಮಿಷ ಜಾಸ್ತಿ. ಮೊದಲ ಹೆಣ ಬೀಳೋ ಹೊತ್ತಿಗೆ ಅರ್ಧ ಗಂಟೆ ಮೀರಿರುತ್ತೆ. ನಿಕ್-ನೋರಾ ಸಾಕಿದ ಆಸ್ಟಾ ನಾಯಿಯ ಸಂಸಾರದ ಉಪಕಥೆ ತೆಗೆದ್ರೆ ಏನು ನಷ್ಟ? ಬೇಲಿ ಕೆಳಗಿನ ತೂತು, ಪಕ್ಕದ ಮನೆ ಕಪ್ಪು ಸ್ಕಾಟಿ ನಾಯಿ, ಬಿಳಿ ಮರಿಗಳ ಮಧ್ಯೆ ಒಂದು ಕಪ್ಪು ಮರಿ. ಒಂದ್ಸಲ ನಗು ಬರುತ್ತೆ, ಸರಿ. ಪದೇ ಪದೇ ಯಾಕೆ?

ಇನ್ನೊಂದು, ಕಲ್ಲಿಗೆ ಕಟ್ಟಿ ಕಿಟಕಿ ಒಳಗೆ ಎಸೆದ ಚೀಟಿಯನ್ನ ಆಸ್ಟಾ ಕಚ್ಕೊಂಡು ಓಡೋ ದೃಶ್ಯ. ಓಡಾಟ ಮುಗಿಯೋ ಹೊತ್ತಿಗೆ ಚೀಟೀಲಿ ಏನಿತ್ತು ಅನ್ನೋ ಕುತೂಹಲವೇ ಸತ್ತಿರುತ್ತೆ.

ರೀಲುಡಬ್ಬಿ

ಚೀಟಿಯ ದೃಶ್ಯದಲ್ಲಿ ನಿಮ್ಮ ಮಾತು ಸರಿ. ಮರಿಗಳ ವಿಷಯದಲ್ಲಿ ಅಲ್ಲ. ಇಡೀ ಪ್ರಕರಣ ಹುಟ್ಟಿದ್ದೇ ಹೆಂಡತಿಗೆ ಮೋಸ ಮಾಡಿದ ರಾಬರ್ಟ್‌ನಿಂದ. ಅದನ್ನೇ ನಾಯಿಗಳ ಬಾಯಲ್ಲಿ ಮೊದಲೇ ಹೇಳಿಸಿ, ಕೋಡ್ ಕಚೇರಿಯ ಮುಂದೆ ಸಲೀಸಾಗಿ ದಾಟಿಸಿದ್ದಾರೆ. ಮನುಷ್ಯರ ಕಥೆಯಲ್ಲಿ ಆ ಕಪ್ಪು ಮರಿ ಹುಟ್ಟಿದ್ದರೆ ಒಂದು ಫ್ರೇಮೂ ಉಳಿಯುತ್ತಿರಲಿಲ್ಲ.

ಆಸ್ಟಾ ಆಗಿ ನಟಿಸಿದ ವೈರ್ ಫಾಕ್ಸ್ ಟೆರಿಯರ್‌ನ ಹೆಸರು ಸ್ಕಿಪ್ಪಿ. ಕಾದಂಬರಿಯಲ್ಲಿ ಆಸ್ಟಾ ಹೆಣ್ಣು ಷ್ನೌಟ್ಸರ್. ಸ್ಕಿಪ್ಪಿಯನ್ನು ದ ಆಫುಲ್ ಟ್ರುತ್ (1937), ಬ್ರಿಂಗಿಂಗ್ ಅಪ್ ಬೇಬಿ (1938) ಎರಡರಲ್ಲೂ ನೋಡಬಹುದು. ಅಭ್ಯಾಸ ಕೆಡುತ್ತದೆ ಅಂತ ತರಬೇತುದಾರರು ನಟರಿಗೆ ಅದನ್ನು ಮುದ್ದಿಸಲು ಬಿಡುತ್ತಿರಲಿಲ್ಲ. ಪರದೆಯ ಮೇಲೆ ಅಷ್ಟು ಸಲಿಗೆ ಕಾಣುವುದು ಪೂರ್ತಿ ಕಸುಬು.

ಎಸ್‌ಆರ್‌ಟಿ ಶಾಸ್ತ್ರಿ

ಕನ್ನಡ ಸಬ್‌ಟೈಟಲ್ ಹಾಕಿ ಗೆಳೆಯರ ಗುಂಪಿಗೆ ತೋರಿಸಬೇಕು ಅನ್ನುವವರಿಗೆ ಕೆಲವು ವಿಷಯ. ಈ ಚಿತ್ರದಲ್ಲಿ ಸಾಲು ಒಂದು ಸೆಕೆಂಡ್ ತಡವಾದರೂ ನಗು ಹೋಯ್ತು.

ಮೊದಲು ನಿಮ್ಮ ಫೈಲಿನ ಫ್ರೇಮ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಫ್ರೇಮ್ ಓಡುತ್ತದೆ ಅನ್ನುವುದನ್ನು ನೋಡಿ. ಸಬ್‌ಟೈಟಲ್ 23.976ಕ್ಕೆ ಮಾಡಿದ್ದು, ವಿಡಿಯೊ ಯುರೋಪಿನ 25ರ ಪ್ರತಿಯಾಗಿದ್ದರೆ ಚಿತ್ರ ಶೇ. 4ರಷ್ಟು ಬೇಗ ಓಡುತ್ತದೆ: 112 ನಿಮಿಷದ್ದು ಸುಮಾರು 107ಕ್ಕೆ ಮುಗಿಯುತ್ತದೆ. ಶುರುವಿನಲ್ಲಿ ಸರಿಯಾಗೇ ಕಾಣುತ್ತದೆ, ಮೀಸೆಯ ಮಾತು ಬರುವ ಹೊತ್ತಿಗೆ ಸಾಲು ನಾಲ್ಕು ನಿಮಿಷಕ್ಕಿಂತ ಹೆಚ್ಚು ಹಿಂದೆ ಬಿದ್ದಿರುತ್ತದೆ. ಇದನ್ನು ಡಿಲೇ ಬಟನ್ ಒತ್ತಿ ಸರಿಮಾಡಲು ಆಗುವುದಿಲ್ಲ, ಯಾಕೆಂದರೆ ವ್ಯತ್ಯಾಸ ನಿಮಿಷ ನಿಮಿಷಕ್ಕೂ ಬೆಳೆಯುತ್ತದೆ. ಸಬ್‌ಟೈಟಲ್ ಎಡಿಟ್‌ನಂಥ ತಂತ್ರಾಂಶದಲ್ಲಿ ಫ್ರೇಮ್ ರೇಟ್ ಬದಲಿಸುವ ಆಯ್ಕೆ ಇದೆ, 23.976ರಿಂದ 25ಕ್ಕೆ ಕೊಟ್ಟರೆ ಎಲ್ಲ ಸಮಯವೂ ಒಟ್ಟಿಗೆ ಕುಗ್ಗುತ್ತದೆ. 24 ಮತ್ತು 23.976ರ ನಡುವೆಯೂ ಎಚ್ಚರ. ಕೊನೆಯಲ್ಲಿ ಆರೇಳು ಸೆಕೆಂಡ್ ಜಾರಿರುತ್ತದೆ.

ಫೈಲನ್ನು ಯುಟಿಎಫ್-8 ಎಂಬ ಅಕ್ಷರ ಸಂಕೇತದಲ್ಲೇ ಉಳಿಸಿ, ಇಲ್ಲದಿದ್ದರೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಬರುತ್ತದೆ. ಕೆಲವು ಟೀವಿಗಳು ಪೆನ್‌ಡ್ರೈವ್‌ನಿಂದ ಓದುವಾಗ ಒತ್ತಕ್ಷರಗಳನ್ನು ಬಿಡಿಸಿ ತೋರಿಸುತ್ತವೆ, ‘ಪತ್ತೇದಾರ’ದ ಒತ್ತು ಪಕ್ಕದಲ್ಲಿ ಬಿದ್ದಿರುತ್ತದೆ. ಅದು ಫೈಲಿನ ದೋಷವಲ್ಲ, ಟೀವಿಯಲ್ಲಿ ಕನ್ನಡ ಅಕ್ಷರ ಜೋಡಿಸುವ ವ್ಯವಸ್ಥೆ ಇಲ್ಲ. ಲ್ಯಾಪ್‌ಟಾಪ್‌ನಲ್ಲಿ ವಿಎಲ್‌ಸಿ ಹಾಕಿ, ಅಕ್ಷರಕ್ಕೆ ನೋಟೊ ಸ್ಯಾನ್ಸ್ ಕನ್ನಡ ಆರಿಸಿ, ಎಚ್‌ಡಿಎಂಐ ತಂತಿಯಲ್ಲಿ ಕೊಡಿ. ಇಲ್ಲವೇ ಸಬ್‌ಟೈಟಲನ್ನು ವಿಡಿಯೊದ ಮೇಲೆಯೇ ಅಚ್ಚು ಹಾಕಿಬಿಡಿ.

ಚಿತ್ರದ ಅಗಲ-ಎತ್ತರದ ಅನುಪಾತ 1.37:1. ಟೀವಿ ಅದನ್ನು 16:9ಕ್ಕೆ ಎಳೆದರೆ ಪೊವೆಲ್ ದಪ್ಪಗಾಗುತ್ತಾನೆ; ಜೂಮ್ ಮಾಡಿದರೆ ಕೆಳಗೆ ಓಡಾಡುವ ಆಸ್ಟಾ ಕತ್ತರಿಸಿಹೋಗುತ್ತದೆ. ಎರಡು ಪಕ್ಕ ಕಪ್ಪು ಪಟ್ಟಿ ಇರಲಿ.

ಇನ್ನೊಂದು: ಮನೆಗೆ ಬಂದ ದಿನದ ಪಾರ್ಟಿ ದೃಶ್ಯದಲ್ಲಿ ಎಲ್ಲರ ಮಾತನ್ನೂ ಬರೆಯಲು ಹೋಗಬೇಡಿ. ಮನೆಯ ಯಜಮಾನರು ಇವರೇ ಅಂತ ಒಬ್ಬರಿಗೂ ಗೊತ್ತಿಲ್ಲ, ನಿಕ್ ನೋರಾ ಕುಣಿಯುತ್ತಲೇ ಅಡುಗೆಮನೆ ತಲುಪುತ್ತಾರೆ. ಅದು ಕಣ್ಣಿಗೆ ಬಿಟ್ಟ ಹಾಸ್ಯ. ಓದುತ್ತಾ ಕೂತವರು ಅದನ್ನು ನೋಡುವುದೇ ಇಲ್ಲ.

ಸಂಜೆಶೋ

ಉಪಯೋಗಕ್ಕೆ ಬಂತು ಶಾಸ್ತ್ರಿಗಳೇ. ಮುಂದಿನ ನಾಲ್ಕು ಚಿತ್ರದಲ್ಲಿ ಯಾವುದು ನೋಡಬಹುದು, ಯಾವುದು ಬಿಡಬಹುದು?

ಅಡಿಟಿಪ್ಪಣಿ

ಅನದರ್ ಥಿನ್ ಮ್ಯಾನ್ (1939) ನೋಡಿ. ಹ್ಯಾಮೆಟ್ ಕಥೆ, ಗುಡ್‌ರಿಚ್-ಹ್ಯಾಕೆಟ್ ಚಿತ್ರಕಥೆ, ವ್ಯಾನ್ ಡೈಕ್ ಮೂವರೂ ಒಟ್ಟಿಗಿದ್ದ ಕೊನೆಯ ಚಿತ್ರ ಅದು. ಪೊವೆಲ್ ಕ್ಯಾನ್ಸರ್ ಚಿಕಿತ್ಸೆಯ ನಂತರ ಮರಳಿದ ಚಿತ್ರವೂ ಹೌದು. ಮಗು ಬಂದ ಮೇಲೆ ರಾತ್ರಿಯೆಲ್ಲ ಅಲೆದಾಡುವ ಸ್ವಾತಂತ್ರ್ಯ ಹೋಗುತ್ತದೆ. ಕಥೆಗಾರರಿಗೆ ಅದೇ ತೊಡಕಾಯಿತು.

ಶ್ಯಾಡೊ ಆಫ್ ದ ಥಿನ್ ಮ್ಯಾನ್ (1941) ಕುದುರೆ ರೇಸಿನ ಹಿನ್ನೆಲೆಯದು. ನಮ್ಮ ಚಿತ್ರದಲ್ಲಿ ಕೊಲೆಯ ತನಿಖೆ ಮಾಡುವ ಪೊಲೀಸ್ ಲೆಫ್ಟಿನೆಂಟ್ ಏಬ್ರಾಮ್ಸ್, ಅಂದರೆ ಸ್ಯಾಮ್ ಲೆವೀನ್, ಮತ್ತೆ ಬರುತ್ತಾರೆ. 1943ರಲ್ಲಿ ವ್ಯಾನ್ ಡೈಕ್ ತೀರಿಕೊಂಡರು. ದ ಥಿನ್ ಮ್ಯಾನ್ ಗೋಸ್ ಹೋಮ್‌ಗೆ ರಿಚರ್ಡ್ ಥಾರ್ಪ್ ನಿರ್ದೇಶಕ; ಯುದ್ಧಕಾಲವಾದ್ದರಿಂದ ನಿಕ್ ಮದ್ಯ ಬಿಟ್ಟು ಸೇಬಿನ ಸೈಡರ್ ಕುಡಿಯುತ್ತಾನೆ, ಜೊತೆಗೆ ಮಾತಿನ ಖಾರವೂ ಇಳಿದಿದೆ. ಸಾಂಗ್ ಆಫ್ ದ ಥಿನ್ ಮ್ಯಾನ್ (1947) ಪಟ್ಟಿ ಪೂರ್ತಿ ಮಾಡುವ ಹಟ ಇದ್ದವರಿಗೆ.

ಹ್ಯಾಮೆಟ್ ಈ ಎರಡನೇ ಮತ್ತು ಮೂರನೇ ಚಿತ್ರಗಳಿಗೆ ಬರೆದ ಮೂಲ ಕಥೆಗಳು 2012ರಲ್ಲಿ ಪುಸ್ತಕವಾಗಿ ಬಂದಿವೆ. ಚಿತ್ರ ನೋಡಿದ ಮೇಲೆ ಓದಿ, ಏನೇನು ಬದಲಾಯಿತು ಅನ್ನುವುದು ಗೊತ್ತಾಗುತ್ತದೆ.

ಪಡುಗಾಳಿ

ಒಂದು ಸೇರಿಸ್ತೇನೆ. ಪಾಲಿ ಪಾತ್ರದವರ ಹೆಸರು ಟೈಟಲಿನಲ್ಲಿ ಡೊರೊತಿ ಮೆಕ್‌ನಲ್ಟಿ ಅಂತ ಉಂಟು. ಹುಡುಕಿದರೆ ಹೆಚ್ಚು ಸಿಗುವುದಿಲ್ಲ. ಪೆನ್ನಿ ಸಿಂಗಲ್ಟನ್ ಅಂತ ಹುಡುಕಿ. 1938ರಿಂದ ಬ್ಲಾಂಡಿ ಹಾಸ್ಯಚಿತ್ರ ಸರಣಿಯ ನಾಯಕಿ ಅವರೇ.

ಕತ್ತಲಮನೆ

ಪಿಸ್ತೂಲಿನ ವಾದಕ್ಕೆ ನನ್ನ ವೋಟು. ಆದ್ರೆ ಸಾಧನಕೇರಿಯವರೇ, ಒಂದು ಉಳೀತು. ಅಷ್ಟು ಗೊತ್ತಿದ್ದ ಏಬ್ರಾಮ್ಸ್‌ಗೆ ಪಿಸ್ತೂಲು ನೀರಿಗೆ ಹೋದ ಸಂಗತಿ ತಿಳಿದ ಮೇಲೂ ಡೇವಿಡ್ ಮೇಲೆ ಯಾಕೆ ಸಂಶಯ ಬರಲಿಲ್ಲ?

ಸಾಧನಕೇರಿ

ಏಬ್ರಾಮ್ಸ್‌ಗ ಅದು ಸೆಲ್ಮಾನ ಅಪರಾಧಕ್ಕ ಇನ್ನೊಂದು ಸಾಕ್ಷಿ ಆಗಿ ಕಂಡಿತು. ಪ್ರೀತಿಸಿದಾಂವ ಪಿಸ್ತೂಲು ಮುಚ್ಚಿ ಹಾಕ್ಯಾನ ಅಂದ್ರ ಆಕಿನ ಹೊಡದಾಳ ಅಂತ ಅಂವಗೂ ಗೊತ್ತದ, ಹಂಗಂತ ತಿಳಕೊಂಡ. ಡೇವಿಡ್ ಲೆಕ್ಕಾನೂ ಅದ ಇತ್ತು.